ಮುಚ್ಚಳ ತೆಗೆಯದ ಎಳೆ

ನಾನು ಇಂಟರ್ನೆಟ್ ಒದಗಿಸುವ ಸಣ್ಣ ಕಂಪನಿಯೊಂದರಲ್ಲಿ ಎಂಜಿನಿಯರ್. ಅಳತೆಗೆ ಸಿಗದ್ದನ್ನು ನಂಬುವವನಲ್ಲ. ಇದು ಅಳತೆಗೆ ಸಿಕ್ಕಿತು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ರಸ್ತೆ ಅಗೆಯುವ ಯಂತ್ರ ನಮ್ಮ ಫೈಬರ್ ಕೇಬಲ್ಲನ್ನು ತುಂಡರಿಸಿತು. ಅದೇ ಹೊತ್ತಿಗೆ, ನಮ್ಮದೇ ಲೈನಿದ್ದ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ಗರ್ಭಿಣಿಯ ಸ್ಥಿತಿ ನಾಜೂಕಾಗಿತ್ತು. ಸ್ಕ್ಯಾನ್ ನೋಡಿ ಹೇಳಬೇಕಾದ ದೊಡ್ಡ ಡಾಕ್ಟರು ಬೇರೆ ಊರಿನಲ್ಲಿದ್ದರು. ಕೇಬಲ್ಲಿನ ಹನ್ನೆರಡು ಗಾಜಿನ ಎಳೆಗಳಲ್ಲಿ ಬಳಸದೆ ಉಳಿದಿದ್ದ ಕೊನೆಯದನ್ನು ಮೊದಲು ಆಸ್ಪತ್ರೆಗೆ ಕೊಡುವುದೆಂದು ತೀರ್ಮಾನಿಸಿದೆವು.

ಕೇಬಲ್ ಜೋಡಿಸುವ ಅಣ್ಣ ರಸ್ತೆಯ ಗುಂಡಿಯಲ್ಲಿದ್ದರು. ನಾನು ಆಫೀಸಿನಲ್ಲಿ ಆ ಎಳೆಯ, ಧೂಳು ಹೋಗದಂತೆ ಮುಚ್ಚಳ ಹಾಕಿದ್ದ ಈ ತುದಿ ಹಿಡಿದು ನಿಂತಿದ್ದೆ. ಇದನ್ನು ಇಲ್ಲಿನ ಯಂತ್ರಕ್ಕೆ ಚುಚ್ಚಿದರೆ ಮಾತ್ರ ಎಳೆಯೊಳಗೆ ಬೆಳಕು ಹರಿಯುತ್ತದೆ. ಫೋನ್ ಬಂತು.

“ಸರ್, ಬೆಳಕು ಬರ್ತಿದೆ. ಮೀಟರಲ್ಲಿ ಮೈನಸ್ ಹದಿನೇಳು, ಅಲುಗಾಡ್ತಾನೇ ಇಲ್ಲ. ಜೋಡಿಸ್ಲಾ?”

“ನಾನಿನ್ನೂ ಚುಚ್ಚೇ ಇಲ್ವಲ್ಲ ಅಣ್ಣಾ! ಮುಚ್ಚಳಾನೂ ತೆಗ್ದಿಲ್ಲ.”

“ಹಾಗಾದ್ರೆ ಬೆಳಕೇನು ನಿಮ್ಮ ಮಾವನ ಮನೆಯಿಂದ ಬರ್ತಿದ್ಯಾ?”

ನಗು ಬಂತು. ಆಮೇಲೆ ಬೆರಳುಗಳ ನಡುವಿನ ಮುಚ್ಚಳ ಬೆಚ್ಚಗಿರುವುದು ಗಮನಕ್ಕೆ ಬಂತು. ಏಸಿ ಕೋಣೆಯಲ್ಲಿ ಮಿಕ್ಕದ್ದೆಲ್ಲ ತಣ್ಣಗಿತ್ತು.

“ಜೋಡಿಸಿಬಿಡಿ,” ಎಂದೆ.

ನಾಲ್ಕು ನಿಮಿಷಕ್ಕೆ ಆಸ್ಪತ್ರೆಯ ನರ್ಸಕ್ಕ ಫೋನ್ ಮಾಡಿದರು: “ಲೈನ್ ಬಂತಪ್ಪಾ, ಡಾಕ್ಟರು ನೋಡ್ತಿದಾರೆ!” ತಾಯಿ, ಮಗು ಇಬ್ಬರೂ ಕ್ಷೇಮವೆಂದು ತಿಳಿದ ಮೇಲೆ ಮಧ್ಯಾಹ್ನದ ಊಟ ರುಚಿಸಿತು.

ಮಿಕ್ಕ ಎಳೆಗಳು ಸಂಜೆಗೆ ಸರಿಹೋದವು. ಆಸ್ಪತ್ರೆಯನ್ನು ಮಾತ್ರ ನಾವು ಹನ್ನೆರಡನೆಯದರಿಂದ ಕದಲಿಸಲಿಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಕೆದಕಬಾರದೆಂಬುದು ನಮ್ಮ ವೃತ್ತಿಯ ಬುದ್ಧಿ. ಮೂರು ವರ್ಷದಲ್ಲಿ ಆ ಲೈನ್ ಒಮ್ಮೆಯೂ ಕೈಕೊಟ್ಟಿಲ್ಲ. ಅದರ ಈ ತುದಿಯನ್ನು ನಾನು ಇನ್ನೂ ಯಾವ ಯಂತ್ರಕ್ಕೂ ಚುಚ್ಚಿಲ್ಲ.