ಅಕ್ಕನ ಓಟ, ತಂಗಿಯ ಸುಳ್ಳು

"ಅಯ್ಯೋ, ನನ್ನ ಕಾಲು!"

ಮರದ ನೆರಳಲ್ಲಿ ಚಾಪೆ ಹಾಸಿ, ಮುಖಕ್ಕೆ ಟೋಪಿ ಮುಚ್ಚಿ ಮಲಗಿದ್ದವಳು ದಡಬಡಿಸಿ ಎದ್ದು ಕೂತಳು. ಎದುರಿಗೆ ದುರ್ಬೀನು ಹಿಡಿದ ಯುವಕನೊಬ್ಬ ಗಾಬರಿಯಿಂದ ನಿಂತಿದ್ದ. ಕೆರೆಯನ್ನೇ ನೋಡುತ್ತಾ ಬಂದು ಅವಳ ಪಾದ ತುಳಿದಿದ್ದ!

"ಕ್ಷಮಿಸಿ... ತುಂಬಾ ನೋವಾಯ್ತಾ?"

ಬೈಯಲೆಂದು ತೆರೆದ ಬಾಯಿ ಅವನ ಕಣ್ಣು ಕಂಡು ಹಾಗೇ ಮುಚ್ಚಿಕೊಂಡಿತು. ಎಂಥಾ ಕಣ್ಣು!

"ಇಷ್ಟುದ್ದ ದುರ್ಬೀನು ಇಟ್ಕೊಂಡು ಕಾಲ ಕೆಳಗಿರೋಳು ಕಾಣ್ಲಿಲ್ವಾ?"

ಅವನು ನಕ್ಕ. "ಈಜ್ತಿರೋರಲ್ಲಿ ನನ್ನ ಪೇಷೆಂಟ್ ಒಬ್ರಿದಾರೆ, ಅವರನ್ನ ಹುಡುಕ್ತಿದ್ದೆ. ಸೈಕಲ್ಲಿಂದ ಬಿದ್ದು ಹಲ್ಲು ಮುರ್ಕೊಂಡಿದ್ರು, ನಾನೇ ಸರಿಮಾಡಿದ್ದು. ಎಲ್ರೂ ಅವರನ್ನ 'ಬಾಣ' ಅಂತಾರಂತೆ."

ಅವಳ ಮುಖ ಸಣ್ಣದಾಯಿತು.

"ನಮ್ಮಕ್ಕ," ಎಂದಳು ಚುಟುಕಾಗಿ.

"ಹೌದಾ! ಹಾಗಾದ್ರೆ ಇಲ್ಲೇ ಕೂತ್ಕೊಳ್ಲಾ?"

ಅಕ್ಕ ಕೆರೆ ಈಜಿ, ಸೈಕಲ್ ತುಳಿದು, ಕೊನೆಗೆ ಗುಡ್ಡ ಹತ್ತಿ ಓಡಿ ಇಳಿಯಬೇಕಿತ್ತು. ಸಂಜೆಯವರೆಗಿನ ಸ್ಪರ್ಧೆ. ತಂಗಿಯ ಪಾಲಿಗೆ ಚಾಪೆ, ದಿಂಬು, ಬುತ್ತಿ. ವಾರವಿಡೀ ಸೋಫಾ ಅಂಗಡಿಯಲ್ಲಿ ಹೊದಿಕೆ ಹೊಲಿಯುವ ಅವಳಿಗೆ ಇದೇ ಸ್ವರ್ಗ. ಆದರೆ ಮನೆಗೆ ಬಂದವರೆಲ್ಲ ಅಕ್ಕನ ಪದಕಗಳನ್ನು ಕಣ್ತುಂಬಾ ನೋಡಿ, ಆಮೇಲೆ ಇವಳತ್ತ ತಿರುಗಿ "ನೀನೇನಮ್ಮ ಮಾಡ್ತೀಯಾ?" ಎನ್ನುವಾಗ ಎದೆಯೊಳಗೆ ಚುರ್ರೆನ್ನುತ್ತಿತ್ತು.

ಇವನೂ ಅವರಲ್ಲೊಬ್ಬ!

ಆದರೂ ದಿನ ಹಿತವಾಗಿ ಸರಿಯಿತು. ಅವನು ಕಿತ್ತಳೆ ಸುಲಿದು ಕೊಟ್ಟ. ಇಬ್ಬರೂ ನೀರಿಗೆ ಕಾಲು ಇಳಿಬಿಟ್ಟು, ಸರದಿಯಂತೆ ದುರ್ಬೀನಿನಲ್ಲಿ ಬಾತುಕೋಳಿಗಳ ಜಗಳ ನೋಡಿ ನಕ್ಕರು. ದೂರದ ರಸ್ತೆಯಲ್ಲಿ ಸೈಕಲ್ಲುಗಳು ಬಿಸಿಲಲ್ಲಿ ಏದುಸಿರು ಬಿಡುತ್ತಾ ಸಾಗುತ್ತಿದ್ದವು.

"ನಿಮ್ಮಕ್ಕ ಎಷ್ಟೊತ್ತಿಗೆ ಬರಬಹುದು?"

ನಗು ಅಲ್ಲೇ ನಿಂತಿತು. "ಸಂಜೆಗೆ."

ಊಟದ ಡಬ್ಬಿ ಬಿಚ್ಚುವಾಗ ಮತ್ತೆ, "ಸಂಜೆ ಅಂದ್ರೆ ತಡ ಆಗುತ್ತಾ?"

ಅಲ್ಲಾ, ಇಷ್ಟೊತ್ತೂ ನನ್ನ ಪಕ್ಕದಲ್ಲಿ ಕೂತು ಎಣಿಸ್ತಿದ್ದದ್ದು ಅಕ್ಕನ ದಾರಿಯನ್ನಾ...?

"ಅವಳಿಗೆ ಮದುವೆ ಗೊತ್ತಾಗಿದೆ!"

ಸುಳ್ಳು! ಹಸಿ ಹಸಿ ಸುಳ್ಳು! ಬಾಯಿಂದ ಜಾರಿಬಿಟ್ಟಿತ್ತು.

"ಓ... ಒಳ್ಳೇದಾಯ್ತು," ಎಂದ ಸಪ್ಪಗೆ. ಆಮೇಲೆ ದುರ್ಬೀನು ಮುಟ್ಟಲೇ ಇಲ್ಲ.

ಅವಳು ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು.

ಸಂಜೆ ಅಕ್ಕ ಗುರಿ ಮುಟ್ಟಿ, ಮೈಯೆಲ್ಲಾ ಧೂಳಾಗಿ ಕುಂಟುತ್ತಾ ಬಂದು ಚಾಪೆಯ ಮೇಲೆ ಕುಸಿದಳು. ಅವನು ನೀರು ಕೊಟ್ಟ.

"ಅಭಿನಂದನೆ! ಓಟಕ್ಕೂ, ಮದುವೆ ಗೊತ್ತಾಗಿದ್ದಕ್ಕೂ!"

"ಮದುವೆನಾ? ನಂಗಾ?" ಅಕ್ಕ ಕಣ್ಣರಳಿಸಿದಳು. "ಡಾಕ್ಟ್ರೇ, ಬಿಸಿಲು ನಂಗೆ ಹೊಡೀತೋ ನಿಮ್ಗೋ?"

ತಂಗಿ ಇನ್ನಲ್ಲಿ ನಿಲ್ಲಲಾರದೆ ನೀರಿನ ಅಂಚಿಗೆ ನಡೆದುಬಿಟ್ಟಳು. ಹಿಂದೆಯೇ ಅವನ ಹೆಜ್ಜೆ ಸಪ್ಪಳ.

"ನಾನು ಸುಳ್ಳು ಹೇಳಿದೆ," ಎಂದಳು ತಿರುಗದೆ. "ನೀವು ಅವಳನ್ನೇ ಕೇಳ್ತಿದ್ರಿ... ಹೊಟ್ಟೆ ಉರೀತು. ಅವಳು ನಂಗೆ ಯಾವತ್ತೂ ಕೆಟ್ಟದ್ದು ಮಾಡಿಲ್ಲ. ಹೋಗಿ, ಮಾತಾಡಿ ಅವಳ ಹತ್ರ."

"ಅವರು ಬಂದ ಕೂಡ್ಲೇ ನೀವು ಚಾಪೆ ಸುತ್ಕೊಂಡು ಹೊರಟುಬಿಡ್ತೀರಲ್ಲ, ಅದಕ್ಕೆ ಕೇಳ್ತಿದ್ದೆ ರೀ. ಇನ್ನೆಷ್ಟು ಹೊತ್ತು ನಿಮ್ಮ ಪಕ್ಕ ಕೂರಬಹುದು ಅಂತ!"

ಅವಳು ಗಕ್ಕನೆ ತಿರುಗಿದಳು. "ಮತ್ತೆ... ಮದುವೆ ಅಂದಾಗ ಯಾಕೆ ಸಪ್ಪಗಾದ್ರಿ?"

"ಧೈರ್ಯ ಕೂಡಿಸ್ಕೊಳ್ತಿದ್ದೆ. ನನ್ನನ್ನೂ ಮದುವೆಗೆ ಕರೀರಿ ಅಂತ ಕೇಳೋಕೆ... ನಿಮ್ಮನ್ನ ಮತ್ತೆ ನೋಡೋಕೆ ಬೇರೆ ದಾರಿ ತೋಚಲಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಪುಟ್ಟೀ!" ಅಕ್ಕ ಚಾಪೆಯಿಂದಲೇ ಕೂಗಿದಳು. "ಗುಡ್ಡ ಹತ್ತುವಾಗೆಲ್ಲ, ನೀನು ನೆರಳಲ್ಲಿ ಬಿದ್ಕೊಂಡಿರ್ತೀಯ ಅಂತ ಹೊಟ್ಟೆ ಉರ್ಕೊಂಡಿದ್ದೀನಿ ಕಣೇ! ಈಗ ನನ್ನ ಸರದಿ. ಯಾರೂ ಎಬ್ಬಿಸ್ಬೇಡಿ!"

ತಂಗಿಯ ದಿಂಬನ್ನು ತಲೆಗೆ ಎಳೆದುಕೊಂಡು ಅವಳು ಕಣ್ಣು ಮುಚ್ಚಿದಳು.

ಅವನು ಮೆಲ್ಲಗೆ ಕೈ ಚಾಚಿದ.

"ಕೆರೆ ಸುತ್ತ ಒಂದು ಸುತ್ತು ಬರೋಣ್ವಾ?"

"ಓಡ್ಬೇಕಾ?"

"ಬೇಡ. ಎಷ್ಟು ನಿಧಾನ ಆಗುತ್ತೋ ಅಷ್ಟು ನಿಧಾನ."

ಅವಳು ಅವನ ಕೈಯೊಳಗೆ ಕೈಯಿಟ್ಟಳು. "ಅದಾದ್ರೆ... ನಂಗೆ ಚೆನ್ನಾಗಿ ಬರುತ್ತೆ."