ಹತ್ತು ದಿನ ಹಿಂದಿದ್ದ ಊರು

"ಮಾರ್ಟಿನ್ ಹಬ್ಬದ ದಿನ ಇದೇ ಸೇತುವೆ ಮೇಲೆ ಕಾಯ್ತೀನಿ. ಬಂದ್ರೆ ನೀನು ನನ್ನವಳು. ಬರ್ಲಿಲ್ಲ ಅಂದ್ರೆ... ಇನ್ಯಾವತ್ತೂ ತೊಂದರೆ ಕೊಡಲ್ಲ."

ಬೇಸಿಗೆಯಲ್ಲಿ ಓಟಿಲಿಯಾಳ ಕೈ ಹಿಡಿದು ಹೀಗೆ ಹೇಳಿ, ಪೀಪಾಯಿ ಮಾಡುವ ವೆಂಡೆಲ್ ತನ್ನೂರು ಬಾಂಬೆರ್ಗಿಗೆ ಹೋಗಿದ್ದ. ಪೋಪನ ಮತದವನೆಂದು ಅವಳ ಚಿಕ್ಕಮ್ಮ ಅವನನ್ನು ಹೊಸ್ತಿಲು ತುಳಿಯಲೂ ಬಿಟ್ಟಿರಲಿಲ್ಲ.

ಇಂದು ಆ ಹಬ್ಬ. ಓಟಿಲಿಯಾಳ ಊರು ನ್ಯೂರೆಂಬರ್ಗಿನ ಮನೆಮನೆಯಲ್ಲೂ ಹಬ್ಬದೂಟದ ಹೆಬ್ಬಾತು ಬೇಯುತ್ತಿತ್ತು. ಬೆಳಗಿನಿಂದ ಸೇತುವೆಯ ಮೇಲೆ ನಿಂತು ಓಟಿಲಿಯಾಳ ಕಾಲು ಮರಗಟ್ಟಿತ್ತು. ಅವನು ಬರಲೇ ಇಲ್ಲ!

ತಂದೆತಾಯಿ ಇಲ್ಲದವಳು. ಚಿಕ್ಕಮ್ಮನ ಮನೆಯಲ್ಲಿ ಕೈಗವಸು ಹೊಲಿಯುತ್ತಾ ದಿನ ದೂಡುವವಳನ್ನು ಪ್ರೀತಿಯಿಂದ ಹೆಸರು ಹಿಡಿದು ಕರೆದವನು ಅವನೊಬ್ಬನೇ.

'ಮರೆತುಬಿಟ್ಟನೇ? ನನ್ನಂಥವಳನ್ನು ಯಾರು ತಾನೇ ನೆನಪಿಡುತ್ತಾರೆ...'

"ಯಾಕಮ್ಮಾ ಅಳ್ತಿದ್ದೀಯ?" ಬಾಂಬೆರ್ಗಿನಿಂದ ಈರುಳ್ಳಿ ತಂದು ಮಾರುವ ಮುದುಕಿ ಗಾಡಿ ನಿಲ್ಲಿಸಿ ಕೇಳಿದಳು.

"ಮಾರ್ಟಿನ್ ಹಬ್ಬಕ್ಕೆ ಬರ್ತೀನಿ ಅಂದೋರು ಬರ್ಲಿಲ್ಲ ಅಜ್ಜಿ..."

"ಅಯ್ಯೋ, ನಮ್ಮೂರಲ್ಲಿ ಅದು ಮುಗ್ದು ಹತ್ತು ದಿನ ಆಯ್ತು, ಹೆಬ್ಬಾತಿನ ಮೂಳೆ ನಾಯಿಗೂ ಹಾಕಿದ್ವಿ! ಪೋಪ್ ಅವ್ರು ಪಂಚಾಂಗದಿಂದ ಹತ್ತು ದಿನ ಕತ್ತರಿಸಿ ಬಿಸಾಕಿದ್ರಲ್ಲ. ನಾವು ಹೋದ ತಿಂಗಳು ತಲೆಬಾಗಿದ್ವಿ. ನಿಮ್ಮೂರೋರು ಲೂಥರನ ಕಡೆಯೋರು, ಒಪ್ಪೋದುಂಟಾ?"

ಓಟಿಲಿಯಾ ಗಾಡಿಯ ಅಂಚು ಹಿಡಿದುಕೊಂಡಳು. ಚರ್ಚಿನಲ್ಲಿ ಪಾದ್ರಿ ಹೊಸ ಪಂಚಾಂಗವನ್ನು ಬೈದದ್ದನ್ನು ಅವಳೂ ಕೇಳಿದ್ದಳು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು! ದಿನಗಳನ್ನು ಕತ್ತರಿಸುವಾಗ ಅದರೊಳಗೆ ಯಾರ ಪ್ರೀತಿ ಸಿಕ್ಕಿಕೊಂಡಿದೆಯೆಂದು ದೊಡ್ಡವರು ನೋಡುತ್ತಾರೆಯೇ?

'ಹಾಗಾದರೆ ಬಂದು ಹೋದನೇ? ನಾನು ಒಲ್ಲೆನೆಂದುಕೊಂಡನೇ? ಇಲ್ಲಾ, ಬಂದೇ ಇರಲಿಲ್ಲವೇ...'

"ಅಜ್ಜಿ, ನಿಮ್ಮ ಗಾಡೀಲಿ ನನಗೂ ಜಾಗ ಕೊಡ್ತೀರಾ?"

ಚಿಕ್ಕಮ್ಮನ ಮನೆಬಾಗಿಲು ಮತ್ತೆ ತೆರೆಯುವುದಿಲ್ಲವೆಂದು ಗೊತ್ತಿದ್ದೂ ಅವಳು ಹತ್ತಿ ಕುಳಿತಳು.

ಬಾಂಬೆರ್ಗಿನಲ್ಲಿ ವೆಂಡೆಲ್ ಉಳಿ, ಸುತ್ತಿಗೆ ಗಂಟುಕಟ್ಟಿ ವಿಯೆನ್ನಾಕ್ಕೆ ಹೊರಟು ನಿಂತಿದ್ದ. ಅವಳನ್ನು ಕಂಡು ಮುಖ ತಿರುಗಿಸಿದ.

"ಈಗ್ಯಾಕೆ ಬಂದೆ? ಅವತ್ತು ಕತ್ತಲಾಗೋವರೆಗೂ ಕಾದೆ."

ಬಂದಿದ್ದ! ಓಟಿಲಿಯಾ ಸುತ್ತಿ ಬಂದು ಅವನ ಎದುರು ನಿಂತಳು.

"ನಾನೂ ಕಾದೆ ವೆಂಡೆಲ್! ಹಬ್ಬದ ದಿನಾನೇ ಕಾದೆ. ನಮ್ಮೂರ ಹಬ್ಬದ ದಿನ..."

ಅವನು ಬೆಪ್ಪಾಗಿ ನಿಂತ. "ಅಂದ್ರೆ... ಅವತ್ತು ನಿಮ್ಮೂರಲ್ಲಿ ಹಬ್ಬಾನೇ ಅಲ್ವಾ? ಒಂದು ಮನೇಲೂ ಹೆಬ್ಬಾತಿನ ವಾಸನೆ ಇರ್ಲಿಲ್ಲ. ಲೂಥರನ ಕಡೆಯೋರು ಹಬ್ಬದೂಟಾನೂ ಬಿಟ್ರಾ ಅಂದ್ಕೊಂಡೆ!"

ಅವಳು ಅಳುತ್ತಲೇ ನಕ್ಕಳು. ಅವನು ಗಂಟನ್ನು ಕೆಳಗಿಟ್ಟ.

"ವಾಪಸ್ ಹೋಗ್ತೀಯಾ?"

"ಹೋಗೋಕೆ ನನಗೆ ಮನೆ ಎಲ್ಲಿದೆ?"

"ಹಾಗಾದ್ರೆ ಜನವರಿಯ ಸೆಬಾಸ್ಟಿಯನ್ ಹಬ್ಬಕ್ಕೆ ಮದ್ವೆ ಆಗೋಣ, ಓಟಿಲಿಯಾ." ಅವಳ ತಣ್ಣನೆಯ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಯಾವ ಲೆಕ್ಕದಲ್ಲಿ? ನಿಮ್ಮೂರದಾ, ನಮ್ಮೂರದಾ?"

"ಯಾವುದು ಬೇಗ ಬರುತ್ತೋ ಅದರಲ್ಲಿ... ಕಾದು ಕಾದು ಸಾಕಾಗಿದೆ ನನಗೆ."