ಕೊಸರಿಲ್ಲದ ಅರವತ್ತೊಂದು ಬಿಲ್ಲು

ಕಾರಿನ ಮುಂದಿನ ಗಾಲಿಗೂ ನಾಲೆಯ ನೀರಿಗೂ ನಡುವೆ ಎರಡು ಗೇಣು ಮಣ್ಣಿತ್ತು. ಅಷ್ಟೇ!

ಮಟಮಟ ಮಧ್ಯಾಹ್ನ. ಪಾಂಡವಪುರದ ಹೊರಗೆ ವಿಶ್ವೇಶ್ವರಯ್ಯ ನಾಲೆಯ ಏರಿ. ನಾಲೆ ತುಂಬಿ ಹರಿಯುತ್ತಿತ್ತು. ಏರಿ ನೀರಿನ ಕಡೆಗೆ ಇಳಿಜಾರು. ಕಾರನ್ನು ಹಿಡಿದು ನಿಲ್ಲಿಸಿದ್ದು ಹ್ಯಾಂಡ್‌ಬ್ರೇಕ್ ಒಂದೇ.

ಸ್ಟೀರಿಂಗ್ ಹಿಂದೆ ದಿಲೀಪ್. ಅಂಗಡಿಗಳಿಗೆ ಕಾರ್ಡ್ ಉಜ್ಜುವ ಮೆಷಿನ್ ಹಾಕಿಸಿಕೊಡುವ ಏಜೆಂಟ್. ಪಕ್ಕದಲ್ಲಿ ನಾನು, ಕರಿಯಯ್ಯ. ಪೊಲೀಸ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಳ್ಳರ ಹಿಂದೆ ಓಡಿದವನು. ಕಾರಿನ ಹಿಂದೆ ಬೈಕ್ ಮೇಲೆ ದಿಲೀಪನ ಆಳು ಮಂಚಯ್ಯ. ಅವನ ಕೈಯಲ್ಲಿ ಕಬ್ಬಿಣದ ರಾಡು.

"ಬಿಲ್ ಪುಸ್ತಕ ಈಚೆಗೆ ತೆಗಿ ಮುದ್ಕಪ್ಪ."

ಪುಸ್ತಕ ಅಂಗಿಯೊಳಗೆ, ನನ್ನ ಹೊಟ್ಟೆಗೆ ಅಂಟಿಕೊಂಡಿತ್ತು. ಮೂರು ಗಂಟೆಯೊಳಗೆ ಅದು ಶ್ರೀರಂಗಪಟ್ಟಣ ಸೇರಬೇಕು. ಸೇರದಿದ್ದರೆ ನನ್ನ ಸೊಸೆ ಕವಿತಳ ಮೇಲೆ ವಂಚನೆಯ ಕೇಸು.

ಆಗಲೇ ಎರಡೂ ಕಾಲು.

ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಕೇಳಿ.

ನನ್ನ ಮಗ ರಾಮು ಕೆ.ಆರ್. ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ. ಅವನು ಹೋಗಿ ಹನ್ನೊಂದು ತಿಂಗಳು. ಭಗವಂತ ಯಾಕೆ ಹೀಗೆ ಮಾಡಿದ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ದೀಪ ಹಚ್ಚುವುದನ್ನು ಬಿಟ್ಟಿಲ್ಲ.

ಈಗ ಅಂಗಡಿ ಕವಿತಳದು. ಒಂದು ದಿನ ಅವಳು ಪಾಸ್‌ಬುಕ್ ತಂದು ನನ್ನ ಮುಂದಿಟ್ಟಳು. ಕಾರ್ಡಿನಲ್ಲಿ ಹತ್ತು ಸಾವಿರದ ವ್ಯಾಪಾರವಾದರೆ ಖಾತೆಗೆ ಬರುತ್ತಿದ್ದುದು ಏಳು ಸಾವಿರ.

ಕಾರ್ಡ್ ಉಜ್ಜಿದರೆ ನೂರಕ್ಕೆ ಎರಡು ರೂಪಾಯಿ ಶುಲ್ಕ. ತೆರುವವನು ಅಂಗಡಿಯವನು. ಅದರಲ್ಲಿ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಬ್ಯಾಂಕು ಅದರಲ್ಲೇ ಒಂದು ಚೂರು ಮುರಿದು ರಿವಾರ್ಡ್ ಪಾಯಿಂಟ್ ಎಂದು ಗಿರಾಕಿಯ ಕೈಗಿಡುತ್ತದೆ. ಗಿರಾಕಿ ಬ್ಯಾಂಕನ್ನು ಹೊಗಳುತ್ತಾನೆ. ಅಂಗಡಿಯವನ ದುಡ್ಡಿನಲ್ಲಿ ಬ್ಯಾಂಕು ಕೊಡುವ ಕೊಸರು ಅದು!

ಸರಿ, ನೂರಕ್ಕೆ ಎರಡು. ಮೂವತ್ತು ಎಲ್ಲಿಂದ ಬಂತು?

ಕೆದಕಿದೆ. ಕವಿತಳ ಹೆಸರಲ್ಲಿ ಮೆಷಿನ್ ಒಂದಲ್ಲ, ಎರಡು. ಒಂದು ಅಂಗಡಿಯಲ್ಲಿ. ಇನ್ನೊಂದು ದಿಲೀಪನ ಹತ್ತಿರ. ಅವಳು ನಂಬಿ ಸಹಿ ಹಾಕಿದ ಕಾಗದಗಳಲ್ಲೇ ಎರಡನ್ನೂ ಮಾಡಿಸಿಕೊಂಡಿದ್ದ.

ದುಡ್ಡಿದ್ದವರ ಕಾರ್ಡುಗಳನ್ನು ತನ್ನ ಮೆಷಿನ್ನಿನಲ್ಲಿ ಉಜ್ಜುತ್ತಿದ್ದ. ಒಂದು ಚಮಚವೂ ಮಾರಾಟವಾಗುತ್ತಿರಲಿಲ್ಲ. ಒಂದು ಲಕ್ಷ ಉಜ್ಜಿದರೆ ಆ ಲಕ್ಷ ಕವಿತಳ ಹೆಸರಲ್ಲೇ ದಿಲೀಪ್ ತೆರೆಸಿಕೊಂಡಿದ್ದ ಇನ್ನೊಂದು ಖಾತೆಗೆ. ಅದರಿಂದಲೇ ಕಾರ್ಡಿನ ಬಾಕಿ ಕಟ್ಟುವುದು. ಮತ್ತೆ ಉಜ್ಜುವುದು. ದುಡ್ಡು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇತ್ತು... ಪಾಯಿಂಟು ಮಾತ್ರ ಗುಡ್ಡೆ ಬೀಳುತ್ತಿತ್ತು. ಕಾರ್ಡಿನವರಿಗೆ ಪುಕ್ಕಟೆ ವಿಮಾನದ ಟಿಕೆಟ್. ದಿಲೀಪನಿಗೆ ಅದರ ಬೆಲೆಯಲ್ಲಿ ಅರ್ಧ.

ಆ ಲಕ್ಷಗಳ ಮೇಲಿನ ಶುಲ್ಕ? ಅದನ್ನು ಕವಿತಳ ಅಂಗಡಿಯ ಖಾತೆಯಿಂದ ಮುರಿಯುವಂತೆ ಬರೆಸಿಟ್ಟಿದ್ದ.

ಮೆಷಿನ್ ಕಂಪನಿಗೆ ವಾಸನೆ ಬಡಿಯಿತು. ಬಿಲ್ಲು ಕೇಳಿತು. ದಿಲೀಪ್ ನಮ್ಮ ಅಂಗಡಿಯ ಹೆಸರಲ್ಲಿ ಅರವತ್ತೊಂದು ಸುಳ್ಳು ಬಿಲ್ಲು ಮಾಡಿ ಕಳಿಸಿದ. ಕಂಪನಿಯ ತನಿಖಾಧಿಕಾರಿ ಅರ್ಪಿತ ಅವುಗಳ ನಕಲು ಲಗತ್ತಿಸಿ ಕವಿತಳಿಗೇ ನೋಟಿಸ್ ಕೊಟ್ಟರು: ಇಂಥ ದಿನ ಮೂರು ಗಂಟೆಯೊಳಗೆ ಶ್ರೀರಂಗಪಟ್ಟಣದ ಕಚೇರಿಗೆ ಉತ್ತರ ತಲುಪಬೇಕು.

ಕವಿತ ಒಂದೊಂದನ್ನೇ ತಿರುವಿ ನೋಡಿದಳು.

"ಮಾವ, ಇವು ನಮ್ಮವಲ್ಲ. ಒಂದ್ರಲ್ಲೂ ಕೊಸರಿಲ್ಲ."

ಸಾವಿರ ದಾಟಿದ ವ್ಯಾಪಾರಕ್ಕೆಲ್ಲ ರಾಮು ಒಂದು ಕೊಸರು ಕೊಡುತ್ತಿದ್ದ. ತುಪ್ಪ ಬಡಿಸುವ ಪುಟ್ಟ ಹಿತ್ತಾಳೆ ಮಿಳ್ಳೆ. ನಾಗಮಂಗಲದಲ್ಲಿ ಎರಕ ಹೊಯ್ಯಿಸಿದ್ದು. ಕೊಟ್ಟದ್ದನ್ನು ಬಿಲ್ಲಿನ ಕೊನೆಯ ಸಾಲಿನಲ್ಲಿ ಬರೆಯುತ್ತಿದ್ದ: ಮಿಳ್ಳೆ ಒಂದು, ಬೆಲೆ ಇಲ್ಲ. ಅವನು ಹೋದ ಮೇಲೂ ಕವಿತ ಒಂದು ಬಿಲ್ಲಿಗೂ ಅದನ್ನು ತಪ್ಪಿಸಿಲ್ಲ.

ದಿಲೀಪ್ ತೂಕ ಬರೆದಿದ್ದ. ದರ ಬರೆದಿದ್ದ. ತೆರಿಗೆ ಬರೆದಿದ್ದ. ಬಿಟ್ಟಿ ಕೊಡುವುದನ್ನೂ ಬರೆಯಬೇಕೆಂದು ಅವನ ತಲೆಗೆ ಹೊಳೆದಿರಲಿಲ್ಲ.

ನಿಜವಾದ ಬಿಲ್ ಪುಸ್ತಕ ಹಿಡಿದು ಬಸ್ಸು ಹತ್ತಿದೆ. ನಡುವೆ ದಿಲೀಪನ ಆಫೀಸಿದ್ದ ಪಾಂಡವಪುರದಲ್ಲಿ ಇಳಿದದ್ದು ನನ್ನ ತಪ್ಪು. ಆ ಎರಡನೇ ಮೆಷಿನ್ನನ್ನು ಕಣ್ಣಾರೆ ನೋಡಬೇಕೆಂಬ ಹಳೆಯ ಚಟ. ದಿಲೀಪ್ ನಗುನಗುತ್ತ ತಾನೇ ಶ್ರೀರಂಗಪಟ್ಟಣಕ್ಕೆ ಬಿಡುವುದಾಗಿ ಹೇಳಿ ಕಾರು ಹತ್ತಿಸಿಕೊಂಡ.

ಕಾರು ಏರಿಯ ಕಡೆಗೆ ತಿರುಗಿತು.

"ಕೊಡ್ತೀಯೋ, ನೀರು ಕುಡೀತೀಯೋ?" ಎಂದ.

"ನಿಂಗೆ ಈಜು ಬತ್ತದಾ?" ಕೇಳಿದೆ.

ದಿಲೀಪ್ ನೀರಿನ ಕಡೆ ನೋಡಿ ಸೀಟಿಗೆ ಒತ್ತಿಕೊಂಡ.

"ನಂಗೆ ಬತ್ತದೆ ಕಣ್ಲಾ. ಅಕ್ಕಿಹೆಬ್ಬಾಳಲ್ಲಿ ಉಟ್ಟೋನು ನಾನು. ನಡೆಯಾಕ್ ಮುಂಚೆ ಏಮಾವತಿ ಒಳೇಲಿ ಬಿದ್ದಿವ್ನಿ."

ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿಯ ಗುಡಿಯಿರುವ ಗಂಜಾಂ ಕಡೆಗೆ ಮನಸ್ಸಿನಲ್ಲೇ ಕೈ ಮುಗಿದೆ. ತಾಯಿ ನಿಮಿಷಾಂಬೆ, ನನಗೆ ಒಂದು ನಿಮಿಷವೂ ಬೇಡ, ಅರ್ಧ ಸಾಕು.

ಹ್ಯಾಂಡ್‌ಬ್ರೇಕ್ ಇಳಿಸಿದೆ.

ಕಾರು ಜರುಗಿತು... ಒಂದು ಗೇಣು! ದಿಲೀಪ್ ಬಾಗಿಲು ತೆಗೆದು ಹೊರಕ್ಕೆ ಹಾರಿದ. ನಾನು ಬ್ರೇಕ್ ಮೇಲಕ್ಕೆಳೆದೆ. ಇನ್ನೊಂದು ಗೇಣು ಉಳಿದಿತ್ತು.

ಅವನ ಸೀಟಿಗೆ ಸರಿದೆ. ರಿವರ್ಸ್ ಗೇರ್. ಮಂಚಯ್ಯ ಬೈಕನ್ನು ಪಕ್ಕಕ್ಕೆ ತಿರುಗಿಸಿ ರಾಡು ಬೀಸಿದ. ಹಿಂದಿನ ಗಾಜು ಪುಡಿಯಾಯಿತು. ಕಾರು ನನ್ನದಲ್ಲ, ಬೇಸರವಾಗಲಿಲ್ಲ.

ರಸ್ತೆಗೆ ಬಿದ್ದೆ. ಕನ್ನಡಿಯಲ್ಲಿ ಬೈಕು. ಮಂಚಯ್ಯ, ಅವನ ಬೆನ್ನಿಗೆ ದಿಲೀಪ್. ಹತ್ತಿರ... ಇನ್ನೂ ಹತ್ತಿರ. ರಾಡು ಬಾಗಿಲಿಗೆ ಬಡಿಯಿತು. ಎದುರಿಗೆ ಕಬ್ಬಿನ ಟ್ರಾಕ್ಟರು, ರಸ್ತೆ ತುಂಬ. ಎಡಕ್ಕೆ ಒಂದು ಕಾರು ನುಸುಳುವಷ್ಟು ಜಾಗ. ನುಸುಳಿದೆ. ಕನ್ನಡಿ ಒಂದು ಕಿತ್ತುಹೋಯಿತು. ಬೈಕು ಕಬ್ಬಿನ ಜಲ್ಲೆಗೆ ಸಿಕ್ಕಿ ಮಕಾಡೆ ಬಿತ್ತು.

ಎರಡೂ ನಲವತ್ತಕ್ಕೆ ಶ್ರೀರಂಗಪಟ್ಟಣ. ಡ್ಯಾಷ್‌ಬೋರ್ಡಿನ ಪೆಟ್ಟಿಗೆ ತೆಗೆದು ನೋಡಿದೆ. ಎರಡನೇ ಮೆಷಿನ್ ಅಲ್ಲೇ ಇತ್ತು!

ಕಂಪನಿಯ ಕಚೇರಿಯಲ್ಲಿ ಹದಿನೈದು ನಿಮಿಷ ಕಾಯಿಸಿ ಒಳಕ್ಕೆ ಕರೆದ ಅರ್ಪಿತ ಪುಸ್ತಕವನ್ನು ಮುಟ್ಟಲೂ ಇಲ್ಲ.

"ಪುಸ್ತಕ ಯಾರು ಬೇಕಾದ್ರೂ ಬರೀಬಹುದು. ಮೆಷಿನ್ ನಿಮ್ಮ ಸೊಸೆ ಹೆಸರಲ್ಲಿದೆ. ನಿಮ್ಮ ಕೈಯಲ್ಲೇ ಇದೆ. ಇನ್ನೇನು ಬೇಕು ನನಗೆ?"

ಅದು ಸರಿಯಾದ ಮಾತು. ಮೆಷಿನ್ ಮೇಜಿನ ಮೇಲಿಟ್ಟೆ. ಗೋಡೆಯ ಗಡಿಯಾರ ಮೂರು ಹೊಡೆಯಲು ಎರಡು ನಿಮಿಷವಿತ್ತು.

ಬಾಗಿಲು ಧಡಾರನೆ ತೆರೆಯಿತು. ದಿಲೀಪ್. ಮೊಣಕೈ ತರಚಿತ್ತು. ಜೊತೆಯಲ್ಲಿ ಒಬ್ಬ ಪೇದೆ. ಕಾರು ಕದ್ದಿದ್ದಾನೆಂದು ನನ್ನ ಮೇಲೆ ದೂರು ಬರೆದುಕೊಟ್ಟು ಠಾಣೆಯಿಂದಲೇ ಕರೆತಂದಿದ್ದ.

ಪೇದೆ ದೂರನ್ನು ಓದಿದ. ಕಾರು ಒಂದು. ಅದರಲ್ಲಿ 'ನನ್ನ ಸ್ವಂತ ಕಾರ್ಡ್ ಮೆಷಿನ್' ಒಂದು. ಕೆಳಗೆ ದಿಲೀಪನ ಸಹಿ.

ಅರ್ಪಿತ ತಲೆಯೆತ್ತಿದರು. ಮೇಜಿನ ಮೇಲಿದ್ದ ಮೆಷಿನ್ ತೋರಿಸಿ ಇದೇನಾ ಎಂದು ಕೇಳಿದರು. ಇದೇ ಎಂದ ದಿಲೀಪ್. ಮೊದಲ ಸಲ ನಮ್ಮ ಪುಸ್ತಕವನ್ನು ಬಿಚ್ಚಿದರು. ಪ್ರತಿ ಬಿಲ್ಲಿನ ಕೊನೆಯ ಸಾಲಿನ ಮೇಲೆ ಬೆರಳಾಡಿಸುತ್ತ ನಾಲ್ಕು ಹಾಳೆ ತಿರುವಿದರು. ನಂತರ ಆ ಅರವತ್ತೊಂದು ಬಿಲ್ಲುಗಳನ್ನು ಅವನ ಮುಂದೆ ತಳ್ಳಿದರು.

"ಇವರಿಗೆಲ್ಲ ಕೊಸರು ಏನು ಕೊಟ್ರಿ?"

"ಕೊಸರಾ?" ದಿಲೀಪ್ ನಕ್ಕ. "ನಾನ್ಯಾಕೆ ಮೇಡಂ ಬಿಟ್ಟಿ ಕೊಡ್ಲಿ?"

ಆ ಬಿಲ್ಲು ತನ್ನದೆಂದು ತಾನೇ ಒಪ್ಪಿಕೊಂಡಿದ್ದ. ತಾನು ಏನು ಹೇಳಿದೆನೆಂದು ಅವನಿಗೆ ಹೊಳೆಯುವಷ್ಟರಲ್ಲಿ ಪೇದೆ ರಟ್ಟೆ ಹಿಡಿದಾಗಿತ್ತು. ಅರ್ಪಿತ ಮೂರಕ್ಕೆ ಠಾಣೆಗೆ ಕಳಿಸಲು ಬರೆದಿಟ್ಟಿದ್ದ ಕವಿತಳ ಮೇಲಿನ ದೂರನ್ನು ನಡುವೆ ಸೀಳಿ ಬುಟ್ಟಿಗೆ ಹಾಕಿದರು.

ನಾನು ಎದ್ದೆ. ದಿಲೀಪನ ಕೆನ್ನೆಗೆ ಒಂದು ಬಿಗಿದೆ.

"ಕೇಸು ಕಂಪನಿದು. ಇದು ಕೊಸರು ಕಣ್ಲಾ... ನನ್ನ ಸ್ವಂತ ಕೈಯಿಂದ."